ಆರೋಗ್ಯ ವಿಮೆ: ಲೆಕ್ಕ ಮತ್ತು ನ್ಯಾಯ

‘ವಿಮೆ’ ಎಂಬುದು ನಮ್ಮ ನುಡಿಗೆ ಹೊರಗಿನಿಂದ ಬಂದ ಮಾತು. ಪಾರಸಿಯಲ್ಲಿ ‘ಬೀಮ್’ ಎಂದರೆ ಭಯ. ಅದರಿಂದ ಹುಟ್ಟಿದ ‘ಬೀಮಾ’ ಶಬ್ದವು ಹಿಂದೂಸ್ತಾನಿ, ಮರಾಠಿಗಳನ್ನು ಹಾದು ನಮ್ಮಲ್ಲಿ ವಿಮೆಯಾಗಿ ನೆಲೆಸಿತು. ಒಬ್ಬನಿಂದ ಹೊರಲಾಗದ ಭಯವನ್ನು ಹಲವರು ಹಂಚಿಕೊಂಡು ಹೊರುವುದೇ ಅದರ ತಿರುಳು. ನಮ್ಮ ಹಳ್ಳಿಗಳ ಮುಯ್ಯಿಯೂ ಒಂದು ಬಗೆಯ ಹಂಚಿಕೆಯೇ. ಆದರೆ ಮುಯ್ಯಿಯಲ್ಲಿ ಕೊಟ್ಟದ್ದು ಒಂದಲ್ಲ ಒಂದು ದಿನ ಹಿಂದಿರುಗಬೇಕು. ವಿಮೆಯಲ್ಲಿ ಕೊಟ್ಟದ್ದು ಹಿಂದಿರುಗದಿದ್ದವನೇ ಭಾಗ್ಯವಂತ. ಈ ಸರಳ ಸಂಗತಿಯನ್ನು ಒಂದು ಸಮಾಜವು ಮರೆತರೆ ಏನಾಗುತ್ತದೆ? ಅದಕ್ಕೆ ಅಮೆರಿಕದ ಖಾಸಗಿ ಆರೋಗ್ಯ ವಿಮೆಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಆ ಚರಿತ್ರೆ ಆರಂಭವಾದದ್ದು ಶಾಲಾ ಉಪಾಧ್ಯಾಯರಿಂದ. 1929ರಲ್ಲಿ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯ ಆಡಳಿತ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರ ಕೈಯಲ್ಲಿತ್ತು. ಅವರು ಹಿಂದೆ ಅದೇ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಹಣ ತೀರಿಸಲಾಗದೆ ಉಳಿದವರ ಹೆಸರುಗಳನ್ನು ನೋಡಿದಾಗ, ತಮಗೆ ಪರಿಚಿತರಾದ ಉಪಾಧ್ಯಾಯರೇ ಅಲ್ಲಿ ಹಲವರಿದ್ದರು. ತಲೆಗೆ ತಿಂಗಳಿಗೆ 50 ಸೆಂಟು ಕೊಟ್ಟವರಿಗೆ ವರ್ಷದಲ್ಲಿ 21 ದಿನಗಳ ಆಸ್ಪತ್ರೆ ವಾಸದ ಹೊಣೆಯನ್ನು ಆಸ್ಪತ್ರೆಯೇ ಹೊರುವ ಏರ್ಪಾಡನ್ನು ಕಿಂಬಲ್ ಮಾಡಿದರು. ಸಾವಿರಕ್ಕೂ ಮಿಕ್ಕಿ ಉಪಾಧ್ಯಾಯರು ಸೇರಿದರು. ಆ ವರ್ಷದ ಕೊನೆಗೆ ಆರ್ಥಿಕ ಕುಸಿತ ಬಂದೆರಗಿತು. ಹಾಸಿಗೆಗಳು ಬರಿದಾಗಿದ್ದ ಇತರ ಆಸ್ಪತ್ರೆಗಳೂ ಇದೇ ದಾರಿ ಹಿಡಿದವು. ‘ಬ್ಲೂ ಕ್ರಾಸ್’ ಎಂಬ ಹೆಸರಿನಲ್ಲಿ ಇಂಥ ಸಂಸ್ಥೆಗಳು ದೇಶದಲ್ಲೆಲ್ಲ ಹಬ್ಬಿದವು.

ಇವು ಲಾಭಕ್ಕಾಗಿ ನಿಂತ ಸಂಸ್ಥೆಗಳಾಗಿರಲಿಲ್ಲ. ಒಂದು ಊರಿನವರೆಲ್ಲರಿಗೂ ಸಾಮಾನ್ಯವಾಗಿ ಒಂದೇ ದರ. ಯುವಕನಿಗೆ ಬೇರೆ, ಮುದುಕನಿಗೆ ಬೇರೆ ಎಂಬ ಭೇದವಿರಲಿಲ್ಲ. ಇದನ್ನು ಸಮುದಾಯ ದರ ಎನ್ನಬಹುದು. ಆರೋಗ್ಯವಂತನು ರೋಗಿಯ ಭಾರದಲ್ಲಿ ಪಾಲು ಹೊರುವುದು ಇಲ್ಲಿ ಸಹಜವೆನಿಸಿತ್ತು. ಆದರೆ ಈ ವ್ಯವಹಾರ ನಷ್ಟದ್ದಲ್ಲವೆಂದು ಮನಗಂಡ ವಾಣಿಜ್ಯ ಕಂಪನಿಗಳು ಕಣಕ್ಕಿಳಿದವು. ಆರೋಗ್ಯವಂತರಾದ ತರುಣ ಕಾರ್ಮಿಕರಿರುವ ಕಾರ್ಖಾನೆಗಳನ್ನೇ ಹುಡುಕಿ ಕಡಿಮೆ ದರ ಕೊಟ್ಟವು. ಆ ಗುಂಪಿನ ಹಿಂದಿನ ವೆಚ್ಚವನ್ನು ನೋಡಿ ಕಟ್ಟಿದ್ದರಿಂದ ಇದಕ್ಕೆ ಅನುಭವ ದರ ಎಂಬ ಹೆಸರು ಬಂತು. ಆರೋಗ್ಯವಂತರು ಅಗ್ಗದ ಕಡೆಗೆ ನಡೆದರೆ ಸಮುದಾಯದ ಚಾವಣಿಯ ಕೆಳಗೆ ಉಳಿಯುವವರು ವೃದ್ಧರು ಮತ್ತು ರೋಗಿಗಳು. ಅವರ ದರ ಏರಬೇಕು. ಏರಿದಂತೆ ಇನ್ನಷ್ಟು ಮಂದಿ ಹೊರನಡೆಯುತ್ತಾರೆ. ಬ್ಲೂ ಕ್ರಾಸ್ ಸಂಸ್ಥೆಗಳೂ ಕಾಲಕ್ರಮದಲ್ಲಿ ತಮ್ಮ ಹಳೆಯ ನಿಯಮವನ್ನು ಸಡಿಲಿಸಬೇಕಾಯಿತು.

ಎರಡನೆಯ ಮಹಾಯುದ್ಧ ಇನ್ನೊಂದು ತಿರುವು ಕೊಟ್ಟಿತು. 1942ರಲ್ಲಿ ಸರ್ಕಾರ ವೇತನಗಳಿಗೆ ಮಿತಿ ಹಾಕಿದಾಗ ಮಾಲೀಕರು ಕೆಲಸಗಾರರನ್ನು ಸೆಳೆಯಲು ವಿಮೆಯನ್ನು ಕೊಡತೊಡಗಿದರು; 1954ರ ಆದಾಯ ತೆರಿಗೆ ಕಾನೂನು ಆ ಸೌಲಭ್ಯವನ್ನು ತೆರಿಗೆಯಿಂದ ಹೊರಗಿಟ್ಟಿತು. ಹೀಗೆ ಔಷಧೋಪಚಾರವು ನೌಕರಿಯ ಬಾಲಕ್ಕೆ ಕಟ್ಟಿದ ಗಂಟಾಯಿತು. ಕಾಯಿಲೆಯಿಂದ ಕೆಲಸ ಕಳೆದುಕೊಂಡವನಿಗೆ ವಿಮೆಯೂ ಕೈಬಿಡುವ ಭಯ. ಬೇಕಾದಾಗಲೇ ಇಲ್ಲದ ಕೊಡೆ. 1945ರ ನವೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಇಡೀ ರಾಷ್ಟ್ರಕ್ಕೆ ಒಂದೇ ಆರೋಗ್ಯ ವಿಮೆ ಬೇಕೆಂದು ಕೇಳಿದರು; ವೈದ್ಯರ ಸಂಘದ ಪ್ರಬಲ ವಿರೋಧದ ಎದುರು ಅದು ಬಿದ್ದುಹೋಯಿತು. 1965ರಲ್ಲಿ ಅಧ್ಯಕ್ಷ ಜಾನ್ಸನ್ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೈಡ್ ಯೋಜನೆಗಳನ್ನು ತಂದರು. ಮೆಡಿಕೇರಿನ ಮೊದಲ ಕಾರ್ಡು ಸಂದದ್ದು ವೃದ್ಧ ಟ್ರೂಮನ್ನರಿಗೆ. ನಡುವೆ ಉಳಿದ ಕೋಟ್ಯಂತರ ಜನ ಮಾತ್ರ ಮಾರುಕಟ್ಟೆಯ ಪಾಲಾದರು.

ಮಾರುಕಟ್ಟೆಯ ನೀತಿ ಎಲ್ಲಿಗೆ ಮುಟ್ಟಿತೆಂಬುದು 2009ರ ಜೂನಿನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ವಿಚಾರಣೆಯಲ್ಲಿ ಬಯಲಾಯಿತು. ಮೂರು ದೊಡ್ಡ ಕಂಪನಿಗಳು ಐದು ವರ್ಷಗಳಲ್ಲಿ ಸುಮಾರು 20,000 ಜನರ ವಿಮೆಯನ್ನು ರದ್ದುಮಾಡಿದ್ದವು. ಚಂದಾದಾರನು ಕಾಯಿಲೆ ಬಿದ್ದ ಮೇಲೆ ಅವನ ಹಳೆಯ ಅರ್ಜಿಯನ್ನು ಕೆದಕಿ, ಯಾವುದೋ ಸಣ್ಣ ವಿವರ ಬಿಟ್ಟುಹೋಗಿದೆಯೆಂದು ಕರಾರನ್ನೇ ಮುರಿಯುವ ಪದ್ಧತಿ ಅದು. ಅದರಿಂದ ಅವು ಉಳಿಸಿಕೊಂಡದ್ದು 30 ಕೋಟಿ ಡಾಲರಿಗೂ ಹೆಚ್ಚು. ಬುದ್ಧಿಪೂರ್ವಕ ವಂಚನೆಯಿದ್ದಲ್ಲಿ ಹೊರತು ಇನ್ನು ಮುಂದೆ ರದ್ದುಮಾಡುವುದಿಲ್ಲವೆಂದು ಮಾತು ಕೊಡುವಿರಾ ಎಂದು ಕೇಳಿದಾಗ, ಮೂವರು ಮುಖ್ಯಸ್ಥರೂ ಇಲ್ಲವೆಂದರು.

ಅವರನ್ನು ದುಷ್ಟರೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಂಪನಿಗಳ ವಾದದಲ್ಲಿ ಒಂದು ಸತ್ಯವಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿಯ ವಿಮೆ ಸಿಗುವುದಾದರೆ ಮೊದಲೇ ಕಂತು ಕಟ್ಟುವವರಾರು? ರೋಗಿಯನ್ನು ಆರಿಸಿ ಹೊರಗಿಡದ ಕಂಪನಿ, ಆರಿಸುವ ಕಂಪನಿಯ ಎದುರು ಸೋಲುತ್ತದೆ. ಆದುದರಿಂದಲೇ ಇದು ವ್ಯಕ್ತಿಗಳ ದಯೆಗೆ ಬಿಡುವ ವಿಷಯವಲ್ಲ; ಆಟದ ನಿಯಮವನ್ನೇ ಬದಲಿಸಬೇಕಾದ ವಿಷಯ. ಅಪಾಯಕ್ಕೆ ತಕ್ಕ ದರವೇ ನ್ಯಾಯವೆಂದು ಲೆಕ್ಕಿಗನು ಹೇಳುತ್ತಾನೆ. ಹಡಗಿನ ಸರಕಿಗೆ ಅದು ಒಪ್ಪುವ ಮಾತು. ಆದರೆ ಹುಟ್ಟಿನಿಂದಲೇ ಹೃದಯ ದುರ್ಬಲವಾಗಿರುವ ಮಗುವು ಯಾವ ಅಜಾಗರೂಕತೆಗಾಗಿ ದಂಡ ತೆರಬೇಕು? ನಮ್ಮ ನಡತೆಯಿಂದ ಬರುವ ರೋಗಗಳೂ ಇವೆ, ನಿಜ. ಆದರೆ ರೋಗಗಳ ಬಹುಭಾಗ ವಂಶ, ವಯಸ್ಸು, ಆಕಸ್ಮಿಕಗಳ ಕೊಡುಗೆ. ಅದೃಷ್ಟಹೀನತೆಗೆ ಬೆಲೆ ಕಟ್ಟಿ ಅದೃಷ್ಟಹೀನನಿಂದಲೇ ವಸೂಲುಮಾಡುವುದಾದರೆ ವಿಮೆಯೆಂಬ ಸಂಸ್ಥೆಗೆ ಅರ್ಥವೇನು?

2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಸಹಿ ಮಾಡಿದ ಕಾನೂನು ಈ ಪ್ರಶ್ನೆಗೆ ಉತ್ತರಿಸಲು ಯತ್ನಿಸಿತು. 2014ರಿಂದ ಮೊದಲೇ ಇದ್ದ ಕಾಯಿಲೆಯ ಕಾರಣಕ್ಕೆ ವಿಮೆಯನ್ನು ನಿರಾಕರಿಸುವಂತಿಲ್ಲ, ದರವನ್ನೂ ಏರಿಸುವಂತಿಲ್ಲ. ಪ್ರಾಪ್ತವಯಸ್ಕರಲ್ಲಿ ವೃದ್ಧನ ದರವು ತರುಣನದರ ಮೂರು ಪಟ್ಟನ್ನು ಮೀರಬಾರದು. ತಂಬಾಕು ಸೇವಿಸುವವನಿಗೆ ಮಾತ್ರ ಒಂದೂವರೆ ಪಟ್ಟಿನವರೆಗೆ ಹೆಚ್ಚಿಸಬಹುದು. ಬಂದ ಕಂತಿನಲ್ಲಿ ನೂರಕ್ಕೆ 80, ದೊಡ್ಡ ಗುಂಪುಗಳಲ್ಲಿ 85 ಭಾಗ ಚಿಕಿತ್ಸೆಗೇ ಮುಖ್ಯವಾಗಿ ಸಲ್ಲಬೇಕು. ಪ್ರತಿಯಾಗಿ ಆರೋಗ್ಯವಂತರೂ ವಿಮೆಯೊಳಗೆ ಬರಬೇಕು, ಬಾರದಿದ್ದರೆ ದಂಡ. ಶಕ್ತಿಯಿಲ್ಲದವರಿಗೆ ಸರ್ಕಾರದ ನೆರವು. ಆ ದಂಡವು 2019ರಿಂದ ಸೊನ್ನೆಯಾಯಿತು. ಆದರೂ ರೋಗಿಗೆ ಬಾಗಿಲು ಮುಚ್ಚಬಾರದೆಂಬ ತತ್ತ್ವ ಉಳಿದುಕೊಂಡಿತು.

ನಮಗೂ ಇದು ದೂರದ ಕಥೆಯಲ್ಲ. ರಾಷ್ಟ್ರೀಕೃತ ಕಂಪನಿಗಳು 1986ರಲ್ಲಿ ಮೆಡಿಕ್ಲೇಮನ್ನು ತಂದವು. 1999ರ ಕಾನೂನು ಖಾಸಗಿಯವರಿಗೆ ಬಾಗಿಲು ತೆರೆಯಿತು. ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ನಿಯಂತ್ರಣ ಪ್ರಾಧಿಕಾರವು 48 ತಿಂಗಳಿಂದ 36 ತಿಂಗಳಿಗೆ ಇಳಿಸಿದ್ದು 2024ರಲ್ಲಿ. ಇದಕ್ಕೆ ಎಷ್ಟೋ ಮೊದಲೇ, 2003ರಲ್ಲಿ, ಕರ್ನಾಟಕದ ಸಹಕಾರ ಸಂಘಗಳ ರೈತರು ಯಶಸ್ವಿನಿ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿ, ಸರ್ಕಾರದ ನೆರವಿನೊಡನೆ ಶಸ್ತ್ರಚಿಕಿತ್ಸೆಯ ಭಯವನ್ನು ಹಂಚಿಕೊಂಡಿದ್ದರು. 2018ರಲ್ಲಿ ನಿಂತ ಆ ಯೋಜನೆಗೆ 2022ರಲ್ಲಿ ಮರುಜೀವ ಬಂತು. ಡಲ್ಲಾಸಿನ ಉಪಾಧ್ಯಾಯರ 50 ಸೆಂಟಿಗೂ ನಮ್ಮ ರೈತರ 5 ರೂಪಾಯಿಗೂ ಹಿಂದಿದ್ದ ವಿವೇಕ ಒಂದೇ.

ವಿಮಾ ಕಂಪನಿಗಳು ಇರಲಿ, ಅವು ದಕ್ಷವಾಗಿ ನಡೆದು ಮಿತವಾದ ಲಾಭವನ್ನೂ ಪಡೆಯಲಿ. ಆದರೆ ಆ ಲಾಭ ಬರಬೇಕಾದದ್ದು ಸೇವೆಯ ಅಚ್ಚುಕಟ್ಟಿನಿಂದ. ರೋಗಿಯನ್ನು ಹೊರಗಿಡುವ ಜಾಣ್ಮೆಯಿಂದಲ್ಲ. ಕಾಯಿಲೆ ಬೀಳದೆ ವರ್ಷವನ್ನು ಕಳೆದವನು ತಾನು ಕಟ್ಟಿದ ಕಂತು ವ್ಯರ್ಥವಾಯಿತೆಂದು ಮರುಗಬೇಕಾಗಿಲ್ಲ. ಅದು ಯಾವುದೋ ಅಪರಿಚಿತನ ಹಾಸಿಗೆಯ ಬಳಿ ಔಷಧವಾಗಿ ನಿಂತಿರುತ್ತದೆ.