ಕಿರುಕುಳದಿಂದ ಕೆಲಸ ತೊರೆದವರಿಗೆ ಆರ್ಥಿಕ ನೆರವು (ಭಾರತ)

ಕೆಲಸದ ಸ್ಥಳದಲ್ಲಿ ಮೇಲಿನವರಿಂದಲೋ ಜೊತೆಯವರಿಂದಲೋ ದಿನವೂ ಬೈಗುಳ, ಅವಹೇಳನ, ಬೆದರಿಕೆ ಸಹಿಸಿ, ಆತಂಕದ ಕಾಯಿಲೆಗೆ ತುತ್ತಾಗಿ ಕೆಲಸ ಬಿಟ್ಟವರಿಗೆ ಭಾರತದಲ್ಲಿ ದೊರೆಯಬಹುದಾದ ಹಣದ ನೆರವು. ಇಂಥವರಿಗೆಂದೇ ರೂಪಿಸಿದ ಯೋಜನೆ ದೇಶದಲ್ಲಿಲ್ಲ. ಎಲ್ಲ ಬಗೆಯ ಕಿರುಕುಳಕ್ಕೂ ಅನ್ವಯಿಸುವ ಒಂದು ಕಾಯ್ದೆಯೂ ಇಲ್ಲ. ಸಿಗುವ ಹಣ ಕಾಯಿಲೆ, ಉಳಿತಾಯ, ಸೇವಾವಧಿ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿದೆ. ಹೀಗಾಗಿ ವೈದ್ಯರ ಪ್ರಮಾಣಪತ್ರ ಮೊದಲೋ ರಾಜೀನಾಮೆ ಮೊದಲೋ ಎಂಬುದೇ ಎಷ್ಟೋ ಬಾರಿ ಕೈಗೆ ಬರುವ ಮೊತ್ತವನ್ನು ನಿರ್ಧರಿಸುತ್ತದೆ.

ಕಡಿಮೆ ಸಂಬಳದವರಿಗೆ ಮುಖ್ಯ ಆಸರೆ ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ. ತಿಂಗಳ ವೇತನ 21,000 ರೂಪಾಯಿ ಮೀರದವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ವೇತನದ ಶೇ. 3.25ರಷ್ಟನ್ನು ಮಾಲೀಕರೂ ಶೇ. 0.75ರಷ್ಟನ್ನು ನೌಕರರೂ ವಂತಿಗೆಯಾಗಿ ಕಟ್ಟುತ್ತಾರೆ. ಕೆಲಸ ಮಾಡಲಾಗದ ಸ್ಥಿತಿ ಎಂದು ಇ.ಎಸ್.ಐ. ವೈದ್ಯರು ಬರೆದುಕೊಟ್ಟರೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ತಿಂಗಳಿಗೆ 18,000 ರೂಪಾಯಿ ದುಡಿಯುತ್ತಿದ್ದವರಿಗೆ ಇದು ಸುಮಾರು 12,600 ರೂಪಾಯಿ. ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು.

ಬಹಳ ಮಂದಿಗೆ ತಿಳಿಯದೆ ಉಳಿದುಬಿಡುವ ಸಂಗತಿಯೊಂದು ಇಲ್ಲಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಇ.ಎಸ್.ಐ. ಕಾನೂನಿನ ಪ್ರಕಾರ ಹಿಂದೆ ವಂತಿಗೆ ಕಟ್ಟಿದವರೂ ವಿಮಾದಾರರೇ. ಆದ್ದರಿಂದ ಕೆಲಸ ಬಿಟ್ಟ ಮಾತ್ರಕ್ಕೆ ಹಕ್ಕು ಅಂದೇ ಮುಗಿಯುವುದಿಲ್ಲ. ಸೂಪರ್‌ವೈಸರ್‌ನ ಬೈಗುಳ ತಾಳಲಾರದೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ದೀರ್ಘಕಾಲದ ಕಾಯಿಲೆಗಳಿಗೆ ಶೇ. 80ರಂತೆ ಎರಡು ವರ್ಷಗಳವರೆಗೆ ವಿಸ್ತೃತ ಭತ್ಯೆಯೂ ಇದೆ. ಅದಕ್ಕಿರುವ 34 ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೀನಿಯಾದಂಥ ಮನೋರೋಗಗಳಿವೆ. ಆತಂಕದ ಕಾಯಿಲೆಯ ಹೆಸರಿಲ್ಲ. ಇದು ನಿಜವಾಗಿ ದೊಡ್ಡ ಕೊರತೆ. ಕಚೇರಿಯ ಗೇಟು ಕಂಡರೆ ಉಸಿರು ಕಟ್ಟುವವರು 91 ದಿನಗಳಲ್ಲಿ ಸುಧಾರಿಸಿಕೊಂಡು ಅದೇ ಗೇಟಿನೊಳಗೆ ಹೋಗುತ್ತಾರೆಂದು ನಿರೀಕ್ಷಿಸುವುದು ಕಷ್ಟ.

2018ರ ಜುಲೈ 1ರಂದು ಆರಂಭವಾಗಿ ಅವಧಿ ವಿಸ್ತರಣೆಗೊಳ್ಳುತ್ತ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಕೆಲಸ ಕಳೆದುಕೊಂಡ ಇ.ಎಸ್.ಐ. ವಿಮಾದಾರರಿಗೆ ಜೀವಮಾನದಲ್ಲಿ ಗರಿಷ್ಠ 90 ದಿನಗಳ ನೆರವು ಕೊಡುತ್ತದೆ. ದರ ಸರಾಸರಿ ದಿನಗೂಲಿಯ ಅರ್ಧ. ದುರ್ನಡತೆಗೆ ಶಿಕ್ಷೆಯಾಗಿ ಕೆಲಸ ಹೋದವರಿಗೂ ಸ್ವಯಂನಿವೃತ್ತಿ ಪಡೆದವರಿಗೂ ಇದಿಲ್ಲ. "ವೈಯಕ್ತಿಕ ಕಾರಣಗಳಿಂದ" ಎಂದು ಬರೆದುಕೊಟ್ಟ ರಾಜೀನಾಮೆ ಇಂಥ ಕಡೆ ಅರ್ಜಿದಾರರಿಗೇ ತೊಡಕಾಗುತ್ತದೆ.

ವೇತನ ಮಿತಿ ಮೀರಿದವರಿಗೆ, ಬೆಂಗಳೂರಿನ ಐ.ಟಿ. ಕಂಪನಿಗಳ ಬಹುಪಾಲು ನೌಕರರೂ ಸೇರಿದಂತೆ, ಇ.ಎಸ್.ಐ. ಇಲ್ಲ. ಅವರು ನೆಚ್ಚಿಕೊಳ್ಳಬೇಕಾದದ್ದು ಉಳಿದ ರಜೆಯ ನಗದು, ಭವಿಷ್ಯನಿಧಿ, ಗ್ರಾಚ್ಯುಟಿಗಳನ್ನು. 2025ರ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿಯ ಕೇಂದ್ರೀಯ ಮಂಡಳಿ ಕೈಗೊಂಡ ತೀರ್ಮಾನದಂತೆ ಕೆಲಸ ಬಿಟ್ಟವರು ಶೇ. 75ರಷ್ಟನ್ನು ಕೂಡಲೇ ತೆಗೆಯಬಹುದು. ಉಳಿದ ಕಾಲುಭಾಗಕ್ಕೆ 12 ತಿಂಗಳು ನಿರುದ್ಯೋಗಿಯಾಗಿರಬೇಕು. ಹಳೆಯ ನಿಯಮದಲ್ಲಿ ಪೂರ್ಣ ಮೊತ್ತಕ್ಕೆ ಎರಡು ತಿಂಗಳು ಸಾಕಿತ್ತು. ಮಾಲೀಕರು ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರೇ ಅದನ್ನು ಜಾಲತಾಣದಲ್ಲಿ ದಾಖಲಿಸಬಹುದು. ಐದು ವರ್ಷ ತುಂಬುವ ಮೊದಲೇ ತೆಗೆದ ಹಣಕ್ಕೆ ತೆರಿಗೆಯಿದೆ. ಆದರೆ ಅನಾರೋಗ್ಯದಿಂದ ಸೇವೆ ಕೊನೆಗೊಂಡಿದ್ದರೆ ವಿನಾಯಿತಿಯುಂಟು. ವೈದ್ಯರ ಕಾಗದ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ಪ್ರತಿ ವರ್ಷಕ್ಕೆ 15 ದಿನಗಳ ವೇತನ, ಗರಿಷ್ಠ 20 ಲಕ್ಷ ರೂಪಾಯಿ. ರಾಜೀನಾಮೆ ಕೊಟ್ಟರೆ ಇದು ಕೈತಪ್ಪುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷದ ಸೇವೆಗೂ ಗ್ರಾಚ್ಯುಟಿ ಒದಗಿಸಿದೆ.

ಪರಿಹಾರಧನ ಕೇಳುವ ದಾರಿ ಕಿರುಕುಳದ ಸ್ವರೂಪವನ್ನು ಅವಲಂಬಿಸಿದೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಬಹುದು. ಪರಿಹಾರ ನಿಗದಿಪಡಿಸುವಾಗ ಮಾನಸಿಕ ಆಘಾತ, ಕೈತಪ್ಪಿದ ವೃತ್ತಿ ಅವಕಾಶ, ಚಿಕಿತ್ಸೆಯ ವೆಚ್ಚ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು; ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜಾತಿನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪರಿಹಾರವಿದೆ. ಈ ಎರಡರಲ್ಲಿ ಸೇರದ ಬರಿಯ ದಬ್ಬಾಳಿಕೆಗೆ ಒಳಗಾದವರಿಗೆ ಇಂಥ ಸಿದ್ಧ ದಾರಿಯಿಲ್ಲ. ಒತ್ತಾಯದಿಂದ ರಾಜೀನಾಮೆ ಪಡೆದರೆಂದು ಸಾಬೀತಾದರೆ ಕಾರ್ಮಿಕ ನ್ಯಾಯಾಲಯ ಅದನ್ನು ವಜಾ ಎಂದೇ ಪರಿಗಣಿಸಿ ಹಿಂಬಾಕಿ ವೇತನ ಕೊಡಿಸಬಹುದು. ಸಾಬೀತುಪಡಿಸುವ ಹೊರೆ ನೌಕರರದು. ಆದ್ದರಿಂದ ಇ-ಮೇಲ್, ವಾಟ್ಸಾಪ್ ಸಂದೇಶ, ದೂರಿನ ನಕಲುಗಳನ್ನು ಕೆಲಸ ಬಿಡುವ ಮೊದಲೇ ತೆಗೆದಿರಿಸಿಕೊಳ್ಳಬೇಕು. ಮ್ಯಾನೇಜರ್ ದರ್ಜೆಯವರು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗುಳಿಯುವುದರಿಂದ ಅವರಿಗೆ ಸಿವಿಲ್ ನ್ಯಾಯಾಲಯವೇ ಗತಿ.

ಚಿಕಿತ್ಸೆಯ ಖರ್ಚನ್ನು ತಗ್ಗಿಸುವುದೂ ನೆರವೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಕೊಡಬೇಕು. ಆದರೆ ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದೊಡನೆಯೇ ಮುಗಿಯುತ್ತದೆ. ಆಗ ಸರ್ಕಾರಿ ಆಸ್ಪತ್ರೆಗಳೇ ಆಸರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ವಕೀಲರ ಶುಲ್ಕಕ್ಕೆ ಹೆದರಿ ಹಕ್ಕು ಬಿಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ಅರ್ಜಿಯನ್ನು ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯಲ್ಲಿ ಕೊಡಬಹುದು.