ಸಭಾಪಾಲಕ

ಕನ್ನಡದ ಪ್ರೊಟೆಸ್ಟಂಟ್ ಕ್ರೈಸ್ತರು ಪಾಸ್ಟರನ್ನು ಸಭಾಪಾಲಕರೆನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪಾಸ್ಟರ್ ಎಂದರೆ ಕುರುಬ. ಪಾದ್ರಿ ಬೇರೆ, ಅದು ಪೋರ್ಚುಗೀಸರಿಂದ ಬಂದ ‘ತಂದೆ’. ಸಭಾಪಾಲಕ ಸಂಸ್ಕೃತದ ಜೋಡುಪದ. ಇಲ್ಲಿ ಸಭೆಯೆಂದರೆ ಮೀಟಿಂಗ್ ಅಲ್ಲ, ವಿಶ್ವಾಸಿಗಳ ಸಮುದಾಯ.

ದಕ್ಷಿಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ತಂದೆತಾಯಿ ಪೋಷಕರು. ಕಲಬುರಗಿ ಕಡೆ ಅವರು ಪಾಲಕರು. ಹಾಗಾಗಿ ಮೆಥೋಡಿಸ್ಟ್ ಸಭೆಗಳು ಹೆಚ್ಚಿರುವ ಬೀದರ್-ಕಲಬುರಗಿ ಸೀಮೆಯಲ್ಲಿ ಸಭಾಪಾಲಕ ಎಂಬ ಪದಕ್ಕೆ ಮನೆಮಂದಿಯನ್ನು ನೋಡಿಕೊಳ್ಳುವವರೆಂಬ ಅರ್ಥವೂ ಹತ್ತಿಕೊಳ್ಳುತ್ತದೆ. ನನಗೆ ಈ ಅರ್ಥವೇ ಹೆಚ್ಚು ಇಷ್ಟ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ ಕುರುಬನೂ ತನ್ನ ಕುರಿಗಳನ್ನು ಹೆಸರು ಹಿಡಿದೇ ಕರೆಯುತ್ತಾನೆ.

ಹಾಗೆ ನೋಡಿಕೊಳ್ಳುವುದು ಸಭೆಯ ಪ್ರಕಟಣೆಯ ಮಾತಿನಲ್ಲೂ ಕಾಣಬೇಕು. ಕಲಬುರಗಿಯ ಸ್ಟೇಶನ್ ಬಜಾರದಂಥ ಕಡೆ ಕನ್ನಡ, ದಖನಿ, ತೆಲುಗು, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ‘ಪ್ರಾರ್ಥನಾ ಕೂಟವು ಅಪರಾಹ್ನ ಜರುಗಲಿದೆ’ ಎಂದು ಓದಿದರೆ ಯಾರಿಗೆ ಮುಟ್ಟೀತು? ‘ನಾಕಕ್ಕ ಬರ್ರಿ, ಕಮಲಾಪುರದವರಿಗಿ ಆರರ ಬಸ್ ಸಿಗ್ತದ’ ಎಂದರೆ ಹಿಂದಿನ ಬೆಂಚಿನ ಅಜ್ಜಿಗೂ ತಿಳಿಯುತ್ತದೆ. ಹಾಗೆನ್ನಲು ಬಸ್ಸಿನ ಹೊತ್ತನ್ನು ಮೊದಲೇ ಕೇಳಿಕೊಂಡಿರಬೇಕು. ಉಪದೇಶಿಗಳಿಗೂ ಕಚೇರಿಯ ಗುಮಾಸ್ತರಿಗೂ ಇದೇ ಮಾತು. ಸಭಾಪಾಲಕರೇ, ಪ್ರಸಂಗಕ್ಕೆ ಕೊಡುವ ಶ್ರದ್ಧೆಯನ್ನು ಪ್ರಕಟಣೆಗೂ ಕೊಡಿ.