ಎಸ್‌ಕ್ಯೂಎಲ್ ಭಾಷೆಯ ಇತಿಹಾಸ

ಎಸ್‌ಕ್ಯೂಎಲ್: ಕೋಷ್ಟಕಗಳ ರೂಪದಲ್ಲಿರುವ ಡೇಟಾಬೇಸ್‌ನಿಂದ ಮಾಹಿತಿ ಪಡೆಯಲು, ಅದಕ್ಕೆ ಸೇರಿಸಲು, ತಿದ್ದಲು, ಅಳಿಸಲು ಬಳಸುವ ಭಾಷೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಡೇಟಾಬೇಸ್ ಕಲಿಯಹೊರಟವರಿಗೆ ಇಂದಿಗೂ ಮೊದಲ ಪಾಠ ಇದೇ.

1960ರ ದಶಕದ ಡೇಟಾಬೇಸ್‌ಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕಿರುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ ರೂಪಿಸಿದ ಐಡಿಎಸ್‌ನಲ್ಲಿ ದಾಖಲೆಗಳು ಜಾಲವಾಗಿ ಹೆಣೆದುಕೊಂಡಿದ್ದವು. ಅಪೊಲೊ ಯೋಜನೆಗಾಗಿ ಹುಟ್ಟಿದ ಐಬಿಎಂನ ಐಎಂಎಸ್‌ನಲ್ಲಿ ವಂಶವೃಕ್ಷದಂತೆ ಕವಲೊಡೆದಿದ್ದವು. ಬೇಕಾದ ದಾಖಲೆಯನ್ನು ಮುಟ್ಟಲು ಪ್ರೋಗ್ರಾಮರ್ ಕೊಂಡಿ ಹಿಡಿದು ಸಾಗಬೇಕಿತ್ತು. ಏರ್ಪಾಡು ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕಿತ್ತು.

ಈ ಹೊರೆಯನ್ನು ಇಳಿಸುವ ದಾರಿ ತೋರಿಸಿದವರು ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದ್ದ ಎಡ್ಗರ್ ಕಾಡ್. 1970ರ ಜೂನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಎಲ್ಲ ದತ್ತಾಂಶವೂ ಸಾಲು–ಕಂಬಗಳ ಕೋಷ್ಟಕಗಳಲ್ಲಿರಬೇಕು. ಬಳಸುವವರು ಏನು ಬೇಕೆಂದಷ್ಟೇ ಹೇಳಬೇಕು, ಹುಡುಕುವ ಬಗೆ ಯಂತ್ರದ ಪಾಲಿನದು. ಆರಂಭಿಕರಿಗೆ ಎಸ್‌ಕ್ಯೂಎಲ್ ಸುಲಭವೆನಿಸುವುದರ ಮೂಲ ಇಲ್ಲಿದೆ. ಪುಟಗಟ್ಟಲೆ ಪ್ರೋಗ್ರಾಮ್ ಬೇಡುತ್ತಿದ್ದ ಪ್ರಶ್ನೆಗಳನ್ನು ಕಾಡ್ ಒಂದೊಂದೇ ಸಾಲಿನಲ್ಲಿ ಬರೆದು ತೋರಿಸಿದ್ದು ಐಬಿಎಂನ ಸಂಶೋಧಕ ಡೊನಾಲ್ಡ್ ಚೇಂಬರ್ಲಿನ್ ಅವರನ್ನು ಸೆಳೆಯಿತು.

ಆದರೆ ಕಾಡ್ ಅವರ ಸಂಕೇತಗಳು ಗಣಿತಜ್ಞರಿಗಷ್ಟೇ ಒಗ್ಗುವಂಥವು. ಚೇಂಬರ್ಲಿನ್ ಮತ್ತು ಅವರ ಸಹೋದ್ಯೋಗಿ ರೇಮಂಡ್ ಬಾಯ್ಸ್ ಮೊದಲು ‘ಸ್ಕ್ವೇರ್’ ಎಂಬ ಭಾಷೆ ರಚಿಸಿದರು. ಅದರ ಅಡಿಬರಹಗಳನ್ನು ಕೀಲಿಮಣೆಯಲ್ಲಿ ಒತ್ತುವುದೇ ಕಷ್ಟವಾಗಿತ್ತು. 1974ರಲ್ಲಿ ಸರಳ ಇಂಗ್ಲಿಷ್ ಪದಗಳ ‘ಸೀಕ್ವೆಲ್’ ಬಂತು. ಅದೇ ವರ್ಷ ಬಾಯ್ಸ್ ಅಕಾಲದಲ್ಲಿ ತೀರಿಕೊಂಡರು. ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್ ಅಡ್ಡಬಂದು ಹೆಸರು ಎಸ್‌ಕ್ಯೂಎಲ್ ಆಯಿತು.

ಭಾಷೆಯ ತಿರುಳು ಮೂರು ಪದಗಳಲ್ಲಿದೆ. ‘ಸೆಲೆಕ್ಟ್ ಹೆಸರು ಫ್ರಮ್ ನೌಕರರು ವೇರ್ ಸಂಬಳ > 10000’ ಎಂಬಲ್ಲಿ ಸೆಲೆಕ್ಟ್ ಬೇಕಾದ ಕಂಬವನ್ನೂ ಫ್ರಮ್ ಕೋಷ್ಟಕವನ್ನೂ ವೇರ್ ಷರತ್ತನ್ನೂ ಹೇಳುತ್ತದೆ. ಮೇಲಧಿಕಾರಿಗಿಂತ ಹೆಚ್ಚು ಸಂಬಳ ಪಡೆಯುವವರು ಯಾರೆಂದು ಕೇಳಬೇಕಾದರೆ ಅದೇ ಕೋಷ್ಟಕವನ್ನು ಎರಡು ಬಾರಿ ತೆಗೆದುಕೊಂಡು, ಒಂದರ ಮೇಲಧಿಕಾರಿ ಸಂಖ್ಯೆಯನ್ನು ಇನ್ನೊಂದರ ನೌಕರ ಸಂಖ್ಯೆಗೆ ಹೊಂದಿಸಬೇಕು. ಇದಕ್ಕೆ ಜಾಯಿನ್ ಎನ್ನುತ್ತಾರೆ.

ಇಷ್ಟು ಕೆಲಸವನ್ನು ಯಂತ್ರ ಬೇಗ ಮಾಡೀತೆ ಎಂಬ ಸಂದೇಹ ಬಹಳ ಜನರಿಗಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಐಬಿಎಂನ ಪ್ರಾಯೋಗಿಕ ವ್ಯವಸ್ಥೆ ‘ಸಿಸ್ಟಂ ಆರ್’. ಸಂಭವನೀಯ ಮಾರ್ಗಗಳ ವೆಚ್ಚವನ್ನು ಅಂದಾಜು ಮಾಡಿ ಅಗ್ಗದ್ದನ್ನು ಆರಿಸುವ ವಿಧಾನವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಕಾಡ್ ಅವರಿಗೆ ಸಿಕ್ಕಷ್ಟು ಹೆಸರು ಈ ತಂಡಕ್ಕೆ ಸಿಗಲಿಲ್ಲ, ಸಿಗಬೇಕಿತ್ತು.

ಐಬಿಎಂ ಸಂಶೋಧನೆಯನ್ನು ಬಹಿರಂಗವಾಗಿ ಪ್ರಕಟಿಸುತ್ತಿದ್ದುದರಿಂದ ಮಾರುಕಟ್ಟೆಗೆ ಮೊದಲು ಬಂದದ್ದು ಬೇರೆಯವರ ಸರಕು: 1979ರಲ್ಲಿ ಆರಕಲ್. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ, ಮರುವರ್ಷ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಭಾಷೆಗೆ ಮಾನಕ ನಿಗದಿಪಡಿಸಿದವು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಮುಂತಾದ ಮುಕ್ತ ತಂತ್ರಾಂಶಗಳು ಅದನ್ನು ವಿದ್ಯಾರ್ಥಿಗಳ ಕೈಗೆಟುಕಿಸಿದವು.

1981ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಕಾಡ್ ಅವರಿಗೇ ಎಸ್‌ಕ್ಯೂಎಲ್ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಂದೇ ಸಾಲು ಎರಡು ಸಲ ಇರಲು ಅದು ಬಿಡುತ್ತದೆಂಬುದು ಅವರ ತಕರಾರು. ‘ನಲ್’ ಕುರಿತ ವಾದವಂತೂ ಇಂದಿಗೂ ಮುಗಿದಿಲ್ಲ. ಕಾಡ್ ಅದನ್ನು ಸಮರ್ಥಿಸಿದರೆ ಅವರ ಒಡನಾಡಿ ಕ್ರಿಸ್ ಡೇಟ್ ವಿರೋಧಿಸಿದರು. ನಲ್ ಎಂದರೆ ಸೊನ್ನೆಯಲ್ಲ, ಮೌಲ್ಯ ತಿಳಿದಿಲ್ಲವೆಂಬ ಗುರುತು. ಆದ್ದರಿಂದ ‘ಸಂಬಳ = ನಲ್’ ಎಂದು ಕೇಳಿದರೆ ಮಾನಕದ ಪ್ರಕಾರ ಒಂದು ಸಾಲೂ ಬಾರದು; ‘ಸಂಬಳ ಈಸ್ ನಲ್’ ಎಂದೇ ಬರೆಯಬೇಕು.